ಬಾಗಿಲು ಬಡಿಯುವ ಹಳೇ ವರ್ಷನ್

"ನೀವು ಹೇಳಿದ್ರೂ ತೆಗಿಯಂಗಿಲ್ರಿ ಮೇಡಂ, ನಿಮ್ಮ ಸಾಹೇಬ್ರು ಬಂದು ಹೇಳಿದ್ರೂ ತೆಗಿಯಂಗಿಲ್ಲ," ಎಂದ ಕೊಟ್ರಸ್ವಾಮಿ. ಅಂದವನೇ ಎರಡೂ ಕೈ ಜೋಡಿಸಿ ಮುಗಿದುಬಿಟ್ಟ.

ಎದುರು ಮಾತಾಡಿದವನನ್ನು ಗದರಿಸಬಹುದು, ಕೈ ಮುಗಿದವನನ್ನು ಏನು ಮಾಡುವುದು? ಸಬ್ ಇನ್ಸ್‌ಪೆಕ್ಟರ್ ಶಿವಲೀಲಾಗೆ ಮೈಯೆಲ್ಲ ಉರಿಯಿತು. ಟೋಪಿ, ಲಾಠಿ, ಹೆಗಲ ಮೇಲಿನ ನಕ್ಷತ್ರ ಎಲ್ಲ ಇದ್ದೂ ಒಂದು ಕಂಪ್ಯೂಟರಿನ ಬಾಗಿಲು ತೆಗೆಸಲಾಗದ ತನ್ನ ದರ್ಬಾರಿಗೆ ತಾನೇ ಬೈದುಕೊಂಡಳು.

ಹಗರಿಬೊಮ್ಮನಹಳ್ಳಿಯ ಸ್ಟೇಷನ್ ರಸ್ತೆಯಲ್ಲಿ ಕೊಟ್ರಸ್ವಾಮಿಯದು ಕಂಪ್ಯೂಟರ್ ರಿಪೇರಿ ಅಂಗಡಿ. ಮಧ್ಯಾಹ್ನದ ಬಿಸಿಲಿಗೆ ಶಟರ್ ಅರ್ಧ ಇಳಿಸಿತ್ತು. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಮೂಲೆಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ರಮಾ ಕೂತಿದ್ದಳು, ವೇಲಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ.

ರಮಾಳ ಅಣ್ಣ ಕ್ರಾಂತಿಕುಮಾರ್ ಜೈಲಿಗೆ ಹೋಗಿ ವಾರವಾಗಿತ್ತು. ಫೋಟೋ ಸ್ಟುಡಿಯೋದ ಹೊನ್ನೂರಸ್ವಾಮಿಯ ತಲೆಗೆ ಹೊಡೆದು ಕೊಲ್ಲಲು ನೋಡಿದ ಎಂಬುದು ಆರೋಪ. ನಾಳೆ ಬೆಳಿಗ್ಗೆ ಜಾಮೀನಿನ ಅರ್ಜಿ ಕೋರ್ಟಿನ ಮುಂದೆ ಬರುವುದಿತ್ತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ ಹುಡುಗ ಇನ್ನೂ ಕಾಯಂ ಆಗಿರಲಿಲ್ಲ. ಆ ಮನೆಗೆ ಬಂದ ಮೊದಲ ಸರ್ಕಾರಿ ನೌಕರಿ ಅದು. ಜಾಮೀನು ಸಿಗದಿದ್ದರೆ ನೌಕರಿಯೂ ಹೋದ ಹಾಗೆಯೇ ಎಂದು ವಕೀಲರು ರಮಾಳ ಮುಖ ನೋಡದೆ ಹೇಳಿದ್ದರು.

ಪೆಟ್ಟು ಬಿದ್ದ ಸಂಜೆ ತಾನು ಹೊಳಲಿನಲ್ಲಿ ಗೆಳೆಯನ ಮದುವೆಯ ಮೆರವಣಿಗೆಯಲ್ಲಿ ಕುಣಿಯುತ್ತಿದ್ದೆ ಎಂದು ಕ್ರಾಂತಿ ಮೊದಲ ದಿನದಿಂದಲೂ ಒಂದೇ ಮಾತು ಹೇಳುತ್ತಿದ್ದ. ಹೊಳಲಿನಿಂದ ಹಗರಿಬೊಮ್ಮನಹಳ್ಳಿಗೆ ಬೈಕು ಎಷ್ಟು ಓಡಿಸಿದರೂ ತಾಸಿನ ಮೇಲೆ ದಾರಿ. ಗೆಳೆಯರು ಸಾಕ್ಷಿ ಹೇಳಲು ಬಂದರೆ ಶಿವಲೀಲಾಳ ಸಾಹೇಬರಾದ ಸರ್ಕಲ್ ಇನ್ಸ್‌ಪೆಕ್ಟರ್ ಗುರುಮೂರ್ತಿ ನಕ್ಕರು. ಗೆಳೆಯರು ಇನ್ನೇನು ಹೇಳುತ್ತಾರಮ್ಮ, ವಿಡಿಯೋ ಇದ್ದರೆ ತಂದು ತೋರಿಸು, ನಾನೇ ಮುಂದೆ ನಿಂತು ಬಿಡಿಸುತ್ತೇನೆ ಎಂದು ಶಿವಲೀಲಾಗೆ ಹೇಳಿದರು.

ವಿಡಿಯೋ ಇತ್ತು. ಎಲ್ಲೋ ಇತ್ತು. ಅದೇ ಸಂಕಟ.

ಆ ಮದುವೆಗೆ ಕ್ಯಾಮೆರಾ ಹಿಡಿದವನು ಕೂಡ್ಲಿಗಿಯ ಅಂಜಿನೇಯಲು. ಮದುವೆ ಮನೆಗೆ ಅವನು ಕೊಟ್ಟ ವಿಡಿಯೋದಲ್ಲಿ ಮೆರವಣಿಗೆ ಎರಡು ಹಾಡಿಗೆ ಮುಗಿದುಹೋಗಿತ್ತು, ಕ್ರಾಂತಿಯ ಮೊಣಕೈ ಸಹ ಅದರಲ್ಲಿ ಕಾಣುತ್ತಿರಲಿಲ್ಲ. ಕತ್ತರಿಸದ ಮೂಲ ಕ್ಲಿಪ್ ಕೊಡಪ್ಪಾ ಅಂದರೆ ಅಂಜಿನೇಯಲು ತಲೆ ಕೆರೆದುಕೊಂಡ. ಕತ್ತರಿಸಿ ಜೋಡಿಸುವ ಮಿಕ್ಸಿಂಗ್ ಮುಗಿಯಿತೋ, ಕಾರ್ಡ್, ಕಂಪ್ಯೂಟರ್ ಎರಡರಲ್ಲೂ ಅಳಿಸಿ ಮುಂದಿನ ಮದುವೆಗೆ ಹೊರಡುವುದು ಅವನ ಪದ್ಧತಿ. ಎಲ್ಲ ಕ್ಯಾಮೆರಾದವರ ಪದ್ಧತಿಯೂ ಅದೇ. ಕ್ರಾಂತಿಯ ಕೈಗೆ ಕೋಳ ಬೀಳುವಷ್ಟರಲ್ಲಿ ಆ ಕಾರ್ಡಿನಲ್ಲಿ ಬೇರೆ ಯಾರದೋ ಸೀಮಂತ ತುಂಬಿಕೊಂಡಿತ್ತು.

ಆದರೆ ಅಂಜಿನೇಯಲು ಇನ್ನೊಂದು ಮಾತನ್ನೂ ಹೇಳಿದ್ದ. ಆ ಮಾತೇ ಶಿವಲೀಲಾಳನ್ನು ಈ ಅಂಗಡಿಗೆ ಎಳೆದು ತಂದದ್ದು.

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಈ ಐದೂ ತಾಲ್ಲೂಕಿನ ಸ್ಟುಡಿಯೋದವರಿಗೆ ಒಂದು ಹಬ್ ಇದೆ. ಅದನ್ನು ನಡೆಸುವವನು ಕೊಟ್ರಸ್ವಾಮಿ. ಹಬ್ ಅಂದರೆ ಗೋದಾಮಲ್ಲ, ಸಂತೆಯ ಕಟ್ಟೆ ಇದ್ದ ಹಾಗೆ. ಸರಕು ಅವರವರ ಕಂಪ್ಯೂಟರಿನಲ್ಲೇ ಇರುತ್ತದೆ. ಯಾರ ಹತ್ತಿರ ಏನಿದೆ ಎಂದು ತೋರಿಸಿ ಇಬ್ಬರಿಗೂ ಪರಿಚಯ ಮಾಡಿಸುವುದಷ್ಟೇ ಹಬ್‌ನ ಕೆಲಸ. ಬೇಕಾದವನು ಇದ್ದವನ ಡಿಸ್ಕಿನಿಂದ ನೇರ ಎಳೆದುಕೊಳ್ಳುತ್ತಾನೆ. ಕೂಡ್ಲಿಗಿಯಲ್ಲಿ ತೆಗೆದ ಕ್ಲಿಪ್ಪು ಕೊಟ್ಟೂರಿನ ಮಿಕ್ಸಿಂಗ್‌ನವರಿಗೆ ಹೋಗುವುದು ಹೀಗೆ, ಬಸ್ಸಿನ ಖರ್ಚಿಲ್ಲದೆ.

ಅದರ ಜೊತೆಗೆ ಒಂದು ಕಳ್ಳ ರೂಢಿಯೂ ಬೆಳೆದಿತ್ತು. ಯಾರ ಮದುವೆಯಲ್ಲಿ ಜನ ಚೆನ್ನಾಗಿ ಕುಣಿದಿದ್ದರೂ ಆ ತುಂಡನ್ನು ಉಳಿದವರು ಎತ್ತಿಟ್ಟುಕೊಳ್ಳುವುದು. ತಮ್ಮ ಮದುವೆಯ ಮೆರವಣಿಗೆ ಸಪ್ಪೆಯಾದರೆ ನಡುವೆ ಅದನ್ನು ಸೇರಿಸುವುದು. ಕೊಟ್ಟೂರಿನ ಮದುವೆಯಲ್ಲಿ ಹರಪನಹಳ್ಳಿಯ ಬೀಗರು ಕುಣಿದು ಹೋದದ್ದು ಎಷ್ಟು ಸಲವೋ. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ವಿಡಿಯೋ ನೋಡುವ ಮನೆಯವರು ಒಬ್ಬರೂ ಗುರುತು ಹಿಡಿದಿಲ್ಲ.

ಹೊಳಲಿನ ಮೆರವಣಿಗೆಗೂ ಹಾಗೇ ಆಗಿತ್ತು. ಅಂಜಿನೇಯಲು ಕ್ಲಿಪ್ಪನ್ನು ಹಬ್‌ಗೆ ಬಿಟ್ಟು ಮಲಗಿ ಎದ್ದು ನೋಡಿದರೆ, ಹಬ್‌ನ ಸಾಫ್ಟ್‌ವೇರಿನ ಹಳೇ ವರ್ಷನ್ ಇದ್ದ ಯಾವುದೋ ಒಂದು ಮಷೀನು ಅದನ್ನು ಆಗಲೇ ಎಳೆದುಕೊಂಡಿತ್ತು. ಆ ಮಷೀನಿನ ಪಟ್ಟಿಯಲ್ಲಿ ಕಣ್ಣಾರೆ ನೋಡಿದೆ ಎಂದು ಆಣೆ ಮಾಡಿದ. ಅದೇ ಬೆಳಿಗ್ಗೆ ಕೊಟ್ರಸ್ವಾಮಿ ಆ ಹಳೇ ವರ್ಷನ್ನನ್ನೇ ಹಬ್‌ನಿಂದ ಬ್ಲಾಕ್ ಮಾಡಿದ. ಮಷೀನು ಹೊರಗೆ ಹೋಯಿತು, ಅದರ ಹೊಟ್ಟೆಯಲ್ಲಿದ್ದ ಕ್ರಾಂತಿಯೂ ಹೊರಗೆ ಹೋದ.

"ನೋಡ್ರಿ ಕೊಟ್ರಸ್ವಾಮಿ, ಒಂದು ತಾಸು ತೆಗೀರಿ ಸಾಕು. ಆ ಮಷೀನು ಬರ್ಲಿ, ಕ್ಲಿಪ್ ತಗೊಂಡು ಹೊಳ್ಳಿ ಮುಚ್ಚೋಣು."

"ಯಾವ ಕೈಲೆ ತೆಗೀಲ್ರಿ ಮೇಡಂ?" ಕೊಟ್ರಸ್ವಾಮಿ ರಮಾಳ ಕಡೆ ತಿರುಗದೆ ತಗ್ಗಿದ ದನಿಯಲ್ಲಿ ಹೇಳಿದ. "ಆ ವರ್ಷನ್ನಿನ ರೋಗ ಏನಂತ ಈ ಹುಡುಗಿನ್ನ ಕೇಳ್ರಿ."

ಕೇಳುವ ಅಗತ್ಯ ಇರಲಿಲ್ಲ. ಆ ಹಳೇ ವರ್ಷನ್ನಿಗೆ ಹಂಚಲು ಒಂದು ಫೋಲ್ಡರ್ ತೋರಿಸಿದರೆ ಅದು ಇಡೀ ಡಿಸ್ಕನ್ನೇ ತೆರೆದಿಡುತ್ತಿತ್ತು. ಬಾಗಿಲಲ್ಲಿ ನಿಂತು ನೀರು ಕೇಳಿದವನಿಗೆ ಮಲಗುವ ಕೋಣೆಯನ್ನೂ ತೆರೆದು ತೋರಿಸಿದ ಹಾಗೆ. ನಿಶ್ಚಿತಾರ್ಥಕ್ಕೆ ಮುಂಚೆ ರಮಾ ಹೊನ್ನೂರಸ್ವಾಮಿಯ ಸ್ಟುಡಿಯೋದಲ್ಲಿ ಮೇಕಪ್ಪಿನ ಪರೀಕ್ಷೆಗೆಂದು ಫೋಟೋ ತೆಗೆಸಿಕೊಂಡಿದ್ದಳು. ಸೀರೆ ಉಡಿಸುವಾಗಿನವು, ಸೆರಗು ಸರಿಯಾಗುವ ಮುಂಚಿನವು, ಆಲ್ಬಮ್ಮಿಗೆ ಬೇಡವೆಂದು ತೆಗೆದಿಟ್ಟವು ಅವನ ಡಿಸ್ಕಿನಲ್ಲೇ ಉಳಿದಿದ್ದವು. ಅವು ಹಬ್‌ಗೆ ಬಂದವು, ಅಲ್ಲಿಂದ ಫೋನುಗಳಿಗೆ ಹೋದವು. ಕೊನೆಗೆ ಹೊಳಲಿನ ಮದುವೆಯ ಹಿಂದಿನ ದಿನ ಹರಪನಹಳ್ಳಿಯ ಬೀಗರು ಸಂಬಂಧ ಬೇಡವೆಂದು ಹೇಳಿ ಕಳಿಸಿದರು. ತಮ್ಮ ಮನೆಯ ಫೋನಿಗೂ ಬಂದಿದ್ದವಂತೆ.

ಅದಕ್ಕೇ ಕ್ರಾಂತಿ ಮದುವೆಯ ದಿನ ಬೆಳಿಗ್ಗೆ ಹೊಳಲಿಗೆ ಹೊರಡುವ ಮುಂಚೆ ಹೊನ್ನೂರಸ್ವಾಮಿಯ ಸ್ಟುಡಿಯೋಗೆ ನುಗ್ಗಿ, ನಿನ್ನ ಬಿಡಂಗಿಲ್ಲ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದು. ಸಂಜೆ ಹೊನ್ನೂರಸ್ವಾಮಿಯ ತಲೆ ಒಡೆದಿತ್ತು. ದೀಪ ಹಚ್ಚುವ ಹೊತ್ತಿಗೆ ಸ್ಟುಡಿಯೋದಲ್ಲಿ ಕೂಗಾಟ ಕೇಳಿ ಓಡಿಹೋದವನು, ರಕ್ತದ ಮಡುವಿನಲ್ಲಿದ್ದವನನ್ನು ಎತ್ತಿಕೊಂಡವನು, ಗಾಡಿ ಸಿಗದೆ ಒದ್ದಾಡಿ ಕೊನೆಗೆ ಆಸ್ಪತ್ರೆ ಮುಟ್ಟಿಸಿದವನು ಇದೇ ಕೊಟ್ರಸ್ವಾಮಿ. ಅವನ ಹೇಳಿಕೆಯ ಮೇಲೇ ಕೇಸು ನಿಂತಿತ್ತು. ಹೊನ್ನೂರಸ್ವಾಮಿ ಅವತ್ತು ಮುಚ್ಚಿದ ಕಣ್ಣು ಇನ್ನೂ ಬಿಟ್ಟಿರಲಿಲ್ಲ.

ಶಿವಲೀಲಾ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಒಂದಿತ್ತು.

"ಮೂರು ತಿಂಗಳ ಹಿಂದ ಈ ಹುಡುಗಿ ನಿಮ್ಮ ಮುಂದ ಬಂದು ಅತ್ತಳು. ಅವತ್ತು ಬ್ಲಾಕ್ ಮಾಡಾಕ ನಿಮಗ ಆಗ್ಲಿಲ್ಲ. ಹೊನ್ನೂರಸ್ವಾಮಿ ತಲಿ ಒಡೆದ ಮರುದಿನ ಮುಂಜಾನಿ ಆತು. ಯಾಕ್ರಿ?"

ರಮಾ ತಲೆ ಎತ್ತಿದಳು.

ಕೊಟ್ರಸ್ವಾಮಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಅವತ್ತು ಬ್ಲಾಕ್ ಮಾಡಿದ್ದರೆ ಅರ್ಧ ಸ್ಟುಡಿಯೋಗಳ ಕೆಲಸ ನಿಲ್ಲುತ್ತಿತ್ತು, ಎಲ್ಲರೂ ಮೈಮೇಲೆ ಬರುತ್ತಿದ್ದರು, ತನ್ನದು ತಪ್ಪೇ ಅಂದ. ಆಮೇಲೆ ನಿಧಾನಕ್ಕೆ ಇನ್ನೊಂದು ಮಾತು ಹೇಳಿದ. ಪೆಟ್ಟು ಬಿದ್ದ ದಿನ ಮಧ್ಯಾಹ್ನ ಹೊನ್ನೂರಸ್ವಾಮಿ ಇದೇ ಕುರ್ಚಿಯಲ್ಲಿ ಬಂದು ಕೂತಿದ್ದನಂತೆ. ಆ ವರ್ಷನ್ ಇವತ್ತೇ ಮುಚ್ಚು ಮಾರಾಯ, ಇಲ್ಲದಿದ್ದರೆ ಆ ಹುಡುಗ ನನ್ನ ಜೀವ ತೆಗೆಯುತ್ತಾನೆ ಎಂದು ಗೋಗರೆದನಂತೆ. ನಾಳೆ ಮಾಡುತ್ತೇನೆ ಎಂದು ತಾನೇ ತಡ ಮಾಡಿದೆ ಅಂದ.

"ಅವನ ರಕ್ತ ನನ್ನ ಅಂಗಿಗೆ ಹತ್ತಿತ್ರಿ ಮೇಡಂ. ಮರುದಿನ ಎದ್ದು ಮೊದಲು ಅವನ ಮಾತು ನಡಿಸಿದೆ. ಊರು ಕೊಳ್ಳೆ ಹೊಡೆದಮ್ಯಾಲೆ ಕೋಟಿ ಬಾಗ್ಲ ಹಾಕಿದೆ ಅಂತ ಬೈತೀರೇನು, ಬೈರಿ."

ಮಾತು ಎಲ್ಲ ಕಡೆಯೂ ಸರಿಯಾಗಿಯೇ ಕೂತಿತ್ತು. ಸುಳ್ಳೆನ್ನಲು ಹೊನ್ನೂರಸ್ವಾಮಿಯೇ ಎದ್ದು ಬರಬೇಕು. ಸಾಲದ್ದಕ್ಕೆ ಈ ಮಾತೂ ಕ್ರಾಂತಿಯ ಕೊರಳಿಗೇ ಬಿತ್ತು. ಸಾಯಿಸುತ್ತಾನೆ ಎಂದು ಸತ್ತಂತೆ ಮಲಗಿದವನೇ ಹೇಳಿದ್ದ ಅಂತಾದರೆ ಇನ್ನೇನು ಉಳಿಯಿತು? ಯಾಕಾದರೂ ಕೇಳಿದೆನೋ ಅನ್ನಿಸಿತು ಶಿವಲೀಲಾಗೆ.

"ಹೋಗ್ಲಿ, ಆ ಒಂದು ಮಷೀನಿಗೆ ಮಾತ್ರ ಬಾಗ್ಲ ತೆಗೀರಿ. ಉಳಿದವು ಹೊರಗಿರ್ಲಿ."

ಕೊಟ್ರಸ್ವಾಮಿ ಈಗ ನಿಜಕ್ಕೂ ನಾಚಿದ. ಪರದೆಯನ್ನು ಅವಳ ಕಡೆ ತಿರುಗಿಸಿದ. ಅದರಲ್ಲಿ ಸಾಲುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಹಳೇ ವರ್ಷನ್ನಿನ ಮಷೀನುಗಳು ಹೊರಗಿದ್ದುಕೊಂಡೇ ಬಾಗಿಲು ಬಡಿಯುತ್ತಿದ್ದವು. ಹಬ್ ತಳ್ಳುತ್ತಿತ್ತು, ಅವು ಸುಮ್ಮನಿದ್ದು ಮತ್ತೆ ಬಡಿಯುತ್ತಿದ್ದವು. ಅವುಗಳ ಒಡೆಯರಿಗೆ ಅದರ ಪರಿವೆಯೂ ಇರಲಿಲ್ಲ, ಮಷೀನು ತನ್ನಷ್ಟಕ್ಕೆ ತಾನು ಬಡಿಯುತ್ತದೆ. ಎಲ್ಲ ಸಾಲಿನಲ್ಲೂ ಒಂದೇ ಹೆಸರು. ಕೊಟ್ರಿ, ಕೊಟ್ರಿ, ಕೊಟ್ರಿ.

"ಇದೇನ್ರಿ, ಎಲ್ಲಾನೂ ನಿಮ್ಮ ಹೆಸರು?"

ಸಂಗತಿ ಹೀಗಿತ್ತು. ಹಬ್ ಶುರು ಮಾಡಿದಾಗ ಸ್ಟುಡಿಯೋದವರಿಗೆ ಈ ಸಾಫ್ಟ್‌ವೇರ್ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಕೊಟ್ರಸ್ವಾಮಿ ತನ್ನ ಮಷೀನಿನಲ್ಲಿ ಎಲ್ಲ ಸರಿಮಾಡಿ, ಆ ಫೋಲ್ಡರನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡು ಊರೂರು ತಿರುಗಿ ಎಲ್ಲರ ಮಷೀನಿಗೂ ಅಂಟಿಸಿ ಬಂದಿದ್ದ. ಫೋಲ್ಡರಿನ ಜೊತೆ ಅವನ ಗುರುತೂ ಹೋಗಿತ್ತು. ಒಬ್ಬನ ಬಸ್ ಪಾಸನ್ನು ಜೆರಾಕ್ಸ್ ಮಾಡಿ ಊರಿಗೆಲ್ಲ ಹಂಚಿದ ಹಾಗೆ. ಮೊದಲು ಹತ್ತಿದವನನ್ನು ಕಂಡಕ್ಟರ್ ಕೂಡಿಸಿಕೊಳ್ಳುತ್ತಾನೆ, ಅದೇ ಪಾಸಿನ ಎರಡನೆಯವನನ್ನು ಇಳಿಸುತ್ತಾನೆ. ಆಮೇಲೆ ಹೊಸ ವರ್ಷನ್ ಹಾಕಿಕೊಂಡವರಿಗೆ ಬೇರೆ ಬೇರೆ ಗುರುತು ಸಿಕ್ಕಿತು, ಉಳಿದವರು ಕೊಟ್ರಿಗಳಾಗಿಯೇ ಉಳಿದರು.

ಆದ್ದರಿಂದ ಯಾವ ಮಷೀನು ಯಾರದು ಎಂದು ಕೊಟ್ರಸ್ವಾಮಿಗೂ ಗೊತ್ತಿಲ್ಲ. ಒಂದನ್ನೇ ಆರಿಸಿ ಒಳಗೆ ಬಿಡಲು ಬರುವುದಿಲ್ಲ. ಬಾಗಿಲು ತೆರೆದರೆ ಮೊದಲು ನುಗ್ಗಿದ್ದು ಒಳಗೆ, ಅದನ್ನು ತಳ್ಳಿದರೆ ಮುಂದಿನದು. ಬೇಕಾದದ್ದು ಬರುವ ತನಕ ಎಷ್ಟು ಜನರ ಮನೆ ಬಟಾಬಯಲಾಗುತ್ತದೋ ಯಾರು ಬಲ್ಲರು.

ಸ್ಟುಡಿಯೋಗಳಿಗೆ ಹೋಗಿ ಕೇಳುವ ಕೆಲಸವನ್ನು ಶಿವಲೀಲಾ ಆಗಲೇ ಮುಗಿಸಿದ್ದಳು. ಜೀಪಿನಲ್ಲಿ ಹಡಗಲಿ ಸುತ್ತಿದಳು, ಕೊಟ್ಟೂರು ಸುತ್ತಿದಳು, ಬಾಗಳಿಯ ದಾರಿಯಲ್ಲಿ ಧೂಳು ಕುಡಿದಳು. ಫೋಟೋಗಳ ಗಲಾಟೆ ಕೇಳಿ ಬೆದರಿದ್ದ ಜನ. ನಮ್ಮಲ್ಲಿ ಏನೂ ಇಲ್ಲ ಮೇಡಂ, ಎಲ್ಲ ಅಳಿಸಿಬಿಟ್ಟೇವಿ ಎಂದು ಎಲ್ಲರದೂ ಒಂದೇ ರಾಗ. ಹೆದರಿಸಿದಷ್ಟೂ ಹೆಚ್ಚು ಅಳಿಸುತ್ತಿದ್ದರು. ಸಾಕ್ಷಿ ಹುಡುಕಲು ಹೊರಟವಳು ಸಾಕ್ಷಿ ಅಳಿಸಿ ಬಂದ ಹಾಗಾಗಿತ್ತು.

"ನೀವು ತೆಗೀರಿ ಅಂದ್ರ ತೆಗಿತೀನಿ," ಎಂದ ಕೊಟ್ರಸ್ವಾಮಿ. "ಆದ್ರ ಆ ಮಷೀನು ಕುಣಿತದ ಕ್ಲಿಪ್ ಎತ್ತಿಟ್ಟಿದ್ರ ಈ ಹುಡುಗಿ ಫೋಟೋನೂ ಎತ್ತಿಟ್ಟಿರ್ತೈತಿ. ಹಬ್‌ನಾಗ ಈಗ ಕುಂತಿರೋರೆಲ್ಲ ನೋಡ್ತಾರ. ಒಂದ್ಸಲ ಹೋದ ಮಾನ ಎರಡನೇ ಸಲ ಹೋಗ್ತೈತಿ. ಆ ಪಾಪ ನಿಮ್ಮ ತಲಿಗೋ, ನನ್ನ ತಲಿಗೋ?"

ಶಿವಲೀಲಾ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಕಾನೂನು ಓದಿದ್ದಳು, ಟ್ರೈನಿಂಗ್ ಮುಗಿಸಿದ್ದಳು, ಇದಕ್ಕೆ ಉತ್ತರ ಎಲ್ಲೂ ಹೇಳಿಕೊಟ್ಟಿರಲಿಲ್ಲ. ಅಣ್ಣನನ್ನು ಉಳಿಸಲು ತಂಗಿಯನ್ನು ಮತ್ತೊಮ್ಮೆ ಸಂತೆಗೆ ನಿಲ್ಲಿಸಬೇಕು. ಬೇಡವೆಂದರೆ ನಾಳೆ ಕೋರ್ಟಿನಲ್ಲಿ ಬರಿಗೈ. ಅತ್ತ ದರಿ, ಇತ್ತ ಪುಲಿ.

ಸ್ಟೂಲು ಕಿರುಗುಟ್ಟಿತು. ರಮಾ ಎದ್ದು ಬಂದು ಮೇಜಿನ ಪಕ್ಕ ನಿಂತಿದ್ದಳು.

"ತೆಗೀರಿ ಸರ್."

"ರಮಾ, ನೀ ವಿಚಾರ ಮಾಡು ತಂಗಿ," ಎಂದಳು ಶಿವಲೀಲಾ. "ಅವ್ವಗ ಒಂದ್ಮಾತು ಫೋನ್ ಹಚ್ಚು."

"ಅವ್ವಗ ಕೇಳಿದ್ರ ಬ್ಯಾಡ ಅಂತಾಳ್ರಿ. ಆಮ್ಯಾಲೆ ಜೀವ ಇರೋತನಕ ಅಳ್ತಾಳ." ಅವಳ ಮಾತು ತಡವರಿಸಲಿಲ್ಲ. "ಅಣ್ಣ ಬಡಿದಾಡಾಕ ಹೋಗಿದ್ದು ನನ್ನ ಸಲುವಾಗಿ. ನನ್ನ ಫೋಟೋ ನೋಡೋರು ಹೆಂಗೂ ನೋಡ್ಯಾರ. ಅಣ್ಣನ್ನ ಯಾರೂ ನೋಡಿಲ್ಲ. ತೆಗೀರಿ."

ಕೊಟ್ರಸ್ವಾಮಿ ಶಿವಲೀಲಾಳ ಮುಖ ನೋಡಿದ, ರಮಾಳ ಮುಖ ನೋಡಿದ. ಬೇಡವೆನ್ನಲು ಅವನಿಗಿದ್ದ ಕಾರಣವನ್ನು ಆ ಹುಡುಗಿಯೇ ಕಿತ್ತುಕೊಂಡಿದ್ದಳು. ಆ ಮಷೀನು ಇವತ್ತು ಬರುತ್ತದೆ ಅನ್ನುವ ಭರವಸೆ ಏನೂ ಇಲ್ಲ ಎಂದು ಗೊಣಗುತ್ತ ಬ್ಲಾಕ್ ತೆಗೆದ.

ತೆಗೆದದ್ದೇ ತಡ, ಒಬ್ಬ ಕೊಟ್ರಿ ಒಳಗೆ ಬಂದ. ಅವನ ಡಿಸ್ಕು ಪೂರ್ತಿ ಬಿಚ್ಚಿಕೊಂಡಿತು. ಯಾರದೋ 'ಮಗಳ ಹುಟ್ಟುಹಬ್ಬ', ಯಾರದೋ 'ಅಪ್ಪನ ಎಕ್ಸ್‌ರೇ', 'ಆಧಾರ್ ಜೆರಾಕ್ಸ್', ಹೆಸರಿಡದ ಇನ್ನೆಷ್ಟೋ. ಶಿವಲೀಲಾಗೆ ಪರರ ಮನೆಯ ಕಿಟಕಿಯಲ್ಲಿ ಇಣುಕಿದಷ್ಟು ಮುಜುಗರವಾಯಿತು. ಹೊಳಲಿನ ಕ್ಲಿಪ್ ಇರಲಿಲ್ಲ. ತಳ್ಳಿ ಅಂದಳು. ಇನ್ನೊಬ್ಬ ಕೊಟ್ರಿ ಬಂದ. ಅವನಲ್ಲೂ ಇರಲಿಲ್ಲ. ಮತ್ತೊಬ್ಬ. ಮಗದೊಬ್ಬ. ಹೊರಗೆ ರೈಲು ಬಂದು ನಿಂತು ಹೋಯಿತು. ಪ್ರತಿ ಸಲ ಬಾಗಿಲು ತೆರೆದಾಗಲೂ ರಮಾ ಕಣ್ಣು ಮುಚ್ಚುತ್ತಿದ್ದಳು.

ಹರಪನಹಳ್ಳಿ ಕಡೆಯ ಲೈನಿನಿಂದ ಬಂದ ಒಬ್ಬ ಕೊಟ್ರಿಯ ಪಟ್ಟಿಯಲ್ಲಿ ಅದು ಕಂಡಿತು. 'ಹೊಳಲು ಮೆರವಣಿಗೆ, ಅಂಜಿ'. ಕ್ಯಾಮೆರಾದವನು ಇಟ್ಟ ಹೆಸರು ಹಾಗೆಯೇ ಇತ್ತು. ಅದರ ಕೆಳಗೇ ಇನ್ನೊಂದು ಫೋಲ್ಡರ್, 'ರಮಾ ಎಚ್ ಬಿ ಹಳ್ಳಿ'.

"ಎಳೀರಿ, ಎಳೀರಿ," ಎಂದಳು ಶಿವಲೀಲಾ.

ಕೊಟ್ರಸ್ವಾಮಿ ಒತ್ತಿದ. ಏನೂ ಆಗಲಿಲ್ಲ. ಪಾಳಿಯಲ್ಲಿದ್ದೀರಿ ಎಂದು ಮಷೀನು ಹೇಳಿತು.

"ಯಾಕ?"

ಆ ಮಷೀನು ಒಮ್ಮೆಗೆ ಮೂವರಿಗಷ್ಟೇ ಕೊಡುತ್ತದಂತೆ. ಮೂವರೂ ಆಗಲೇ ಎಳೆಯುತ್ತಿದ್ದರು. ಏನನ್ನು ಎಳೆಯುತ್ತಿದ್ದಾರೆ ಎಂದು ಹಬ್‌ಗೆ ಕಾಣುವುದಿಲ್ಲ. ಆದರೆ ಜನ ಏನು ಹುಡುಕುತ್ತಿದ್ದಾರೆ ಎಂಬುದು ಪರದೆಯ ಕೆಳಗೆ ಓಡುತ್ತಿತ್ತು. ರಮಾಳ ಹೆಸರು ಅಲ್ಲಿ ಒಂದರ ಮೇಲೊಂದು ಬರುತ್ತಿತ್ತು. ಇಷ್ಟು ದಿನ ಕಾದಿದ್ದವರಂತೆ.

ಅವರನ್ನು ಹೊರಗೆ ಹಾಕಿ ಎಂದು ಶಿವಲೀಲಾ ಗದರಿದಳು. ಕೊಟ್ರಸ್ವಾಮಿ ಹಾಕಿದ. ಎಳೆಯುವುದು ನಿಲ್ಲಲಿಲ್ಲ. ಇಬ್ಬರ ಕೈ ಕೂಡಿದ ಮೇಲೆ ಪರಿಚಯ ಮಾಡಿಸಿದವನ ಮಾತು ಯಾರು ಕೇಳುತ್ತಾರೆ ಅಂದ. ಅವರು ಮುಗಿಸುವ ತನಕ ಇವರು ಕಾಯಲೇಬೇಕು. ಹುಡುಗಿಯ ಮಾನವನ್ನು ಹಂಚಿಕೊಳ್ಳುವವರ ಹಿಂದೆ ಪಾಳಿ ಹಚ್ಚಿ ನಿಂತ ಹಾಗಾಯಿತು ಶಿವಲೀಲಾಗೆ. ಹಲ್ಲು ಕಚ್ಚಿಕೊಂಡು ಆ ಮೂರು ಹೆಸರು ಬರೆದುಕೊಂಡಳು. ಮೂರೂ ಅರ್ಥವಿಲ್ಲದ ಕಳ್ಳ ಹೆಸರು.

"ಬ್ಯಾಡ ಬಿಡ್ರಿ, ಮುಚ್ತೀನಿ," ಎಂದ ಕೊಟ್ರಸ್ವಾಮಿ, ಮೌಸಿನ ಕಡೆ ಕೈ ಚಾಚಿ. "ನನ್ನಿಂದ ನೋಡಾಕ ಆಗಂಗಿಲ್ಲ."

"ಮುಚ್ಚಬ್ಯಾಡ್ರಿ," ಎಂದಳು ರಮಾ. ಗೋಡೆಯ ಕಡೆ ತಿರುಗಿ ನಿಂತಿದ್ದಳು. ಶಿವಲೀಲಾ ಎದ್ದು ಹೋಗಿ ಅವಳ ಹೆಗಲ ಮೇಲೆ ಕೈ ಇಟ್ಟಳು.

ಒಬ್ಬನದು ಮುಗಿಯಿತು. ಕ್ಲಿಪ್ಪಿನ ಹಸಿರು ಪಟ್ಟಿ ಮೂಲೆಯಿಂದ ಹೊರಟಿತು. ಇರುವೆಯ ಹಾಗೆ ನಡೆಯಿತು, ನಿಂತಿತು, ಮತ್ತೆ ನಡೆಯಿತು. ನಡುವೆ ಇನ್ನೊಂದು ಸಲ ಕೊಟ್ರಸ್ವಾಮಿ, ಪಾಪದ ಹುಡುಗಿ, ಸಾಕು ಮಾಡೋಣ ಅಂದ. ಶಿವಲೀಲಾ ಅವನ ಕಡೆ ನೋಡಿದ ರೀತಿಗೆ ಬಾಯಿ ಮುಚ್ಚಿದ. ಪಟ್ಟಿ ತುದಿ ಮುಟ್ಟಿತು. ಮುಟ್ಟಿದ ಕೂಡಲೇ ಬಾಗಿಲು ಮುಚ್ಚಿದರು. ಕೊಟ್ರಿಗಳು ಮತ್ತೆ ಹೊರಗೆ ನಿಂತು ಬಡಿಯತೊಡಗಿದವು.

ಕ್ಲಿಪ್ ತೆರೆಯಿತು.

ಹೊಳಲಿನ ಬೀದಿ. ಮುಳುಗಿದ ಸೂರ್ಯನ ಕೆಂಪು ಇನ್ನೂ ಮಾಸಿರಲಿಲ್ಲ. ಡೊಳ್ಳಿನವರು ಎದೆ ಬಿರಿಯುವಂತೆ ಬಾರಿಸುತ್ತಿದ್ದರು. ನೋಡುತ್ತಿದ್ದಂತೆ ಬೀದಿದೀಪಗಳು ಒಮ್ಮೆಲೇ ಹತ್ತಿದವು. ಆ ಬೆಳಕಿನಲ್ಲಿ, ಬಿಳಿ ಅಂಗಿಯ ತೋಳು ಮಡಚಿಕೊಂಡು, ಕೈ ಒಂದು ಕಡೆ ಕಾಲು ಒಂದು ಕಡೆ ಎಸೆಯುತ್ತ, ಕ್ರಾಂತಿಕುಮಾರ್.

"ಅಣ್ಣ," ಎಂದಳು ರಮಾ. ಅಳುತ್ತ ನಕ್ಕಳು, ನಗುತ್ತ ಅತ್ತಳು. "ಕುಣಿಯಾಕ ಬರಂಗಿಲ್ರಿ ಮೇಡಂ ಅವಗ. ಹೆಂಗ ಕುಣಿತಾನ ನೋಡ್ರಿ."

ದೀಪ ಹಚ್ಚುವ ಹೊತ್ತು. ಹೊಳಲು. ಕ್ರಾಂತಿ. ಇನ್ನೇನು ಬೇಕು? ವಾರದಿಂದ ಕಟ್ಟಿಕೊಂಡಿದ್ದ ಉಸಿರನ್ನು ಶಿವಲೀಲಾ ಬಿಟ್ಟಳು. ಗುರುಮೂರ್ತಿಯವರ ಮೇಜಿನ ಮೇಲೆ ಇದನ್ನು ಇಡುವ ಗಳಿಗೆಯನ್ನು ನೆನೆದೇ ಅವಳಿಗೆ ಹಿಗ್ಗಾಯಿತು. ರಮಾ ಆಗಲೇ ಫೋನು ಹಿಡಿದು ಬಾಗಿಲಿಗೆ ಓಡಿದ್ದಳು. ಅವ್ವಾ, ಸಿಕ್ಕ, ಅಣ್ಣ ಸಿಕ್ಕ ಎಂದು ಬೀದಿಗೆ ಕೇಳುವಂತೆ ಹೇಳುತ್ತಿದ್ದಳು.

ಶಿವಲೀಲಾ ಮತ್ತೆ ಪರದೆಗೆ ತಿರುಗಿದಳು. ಕ್ಯಾಮೆರಾ ಕ್ರಾಂತಿಯಿಂದ ಸರಿದು ಡೊಳ್ಳಿನವರ ಮೇಲೆ ಹೋಯಿತು. ಅವರ ಹಿಂದೆ ಮೆರವಣಿಗೆಗೆ ಸಿಕ್ಕಿ ಒಂದು ಬೈಕು ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೂತವನು ಬೇಸರದಿಂದ ಗಡಿಯಾರ ನೋಡಿಕೊಂಡು ತಲೆ ಎತ್ತಿದ.

ದಪ್ಪ ಚೌಕುಳಿಯ ನೀಲಿ ಅಂಗಿ. ಆ ಅಂಗಿ ಠಾಣೆಯಲ್ಲಿ, ರಕ್ತ ಒಣಗಿ, ಮೊಹರು ಹಾಕಿದ ಚೀಲದಲ್ಲಿತ್ತು. ತೊಟ್ಟವನು ಆಸ್ಪತ್ರೆಯಲ್ಲಿದ್ದ.

ಹೊನ್ನೂರಸ್ವಾಮಿ. ಗಟ್ಟಿಮುಟ್ಟಾಗಿ, ಹೊಳಲಿನಲ್ಲಿ, ಬೀದಿದೀಪ ಹತ್ತಿದ ಮೇಲೆ.

ಈ ಹೊತ್ತಿಗೆ ಇವನು ಇಲ್ಲಿದ್ದರೆ, ಅದೇ ಹೊತ್ತಿಗೆ ಹಗರಿಬೊಮ್ಮನಹಳ್ಳಿಯಲ್ಲಿ ರಕ್ತದ ಮಡುವಿನಲ್ಲಿ ಬಿದ್ದಿದ್ದವನು ಯಾರು? ಕೂಗಾಟ ಕೇಳಿ ಓಡಿಹೋದೆ ಎಂದವನು ಅವಳ ಮೊಣಕೈ ಪಕ್ಕದಲ್ಲೇ ಕೂತಿದ್ದ. ವರ್ಷನ್ ಯಾಕೆ ಅದೇ ಬೆಳಿಗ್ಗೆ ಬ್ಲಾಕ್ ಆಯಿತು ಎಂಬುದು ಈಗ ತಿಳಿಯಿತು. ಪಟ್ಟಿಯಲ್ಲಿ ಈ ಕ್ಲಿಪ್ಪನ್ನು ಕಂಡವನು ಅಂಜಿನೇಯಲು ಒಬ್ಬನೇ ಅಲ್ಲ, ಕೊಟ್ರಸ್ವಾಮಿಯೂ ಕಂಡಿದ್ದ.

ಬೈಕು ಓಡಿಸುತ್ತಿದ್ದವನ ಮುಖಕ್ಕೆ ಡೊಳ್ಳು ಅಡ್ಡ ಬಂದಿತ್ತು. ಡೊಳ್ಳಿನವನು ಪಕ್ಕಕ್ಕೆ ಹೆಜ್ಜೆ ಇಡತೊಡಗಿದ. ಚಿತ್ರ ಅಲ್ಲಿಗೇ ನಿಂತಿತು. ಕೊಟ್ರಸ್ವಾಮಿಯ ಬೆರಳು ಮೌಸಿನ ಮೇಲಿತ್ತು.

"ಮುಂದ ಓಡಿಸ್ರಿ," ಎಂದಳು ಶಿವಲೀಲಾ.

ಕೊಟ್ರಸ್ವಾಮಿ ಓಡಿಸಲಿಲ್ಲ. ಬಾಗಿಲಲ್ಲಿದ್ದ ರಮಾಳಿಗೆ ಕೇಳದಷ್ಟು ಮೆಲ್ಲಗೆ ಮಾತಾಡಿದ. ಈಗ ಅವನು ಕೈ ಮುಗಿದಿರಲಿಲ್ಲ.

"ನಾನು ಹೊತ್ತು ತಪ್ಪಿ ಹೇಳೀನಿ ಅಂತ ನೀವು ತೋರಿಸಬೋದ್ರಿ ಮೇಡಂ. ಆದ್ರ ಹೊನ್ನೂರಸ್ವಾಮಿ ಹೊಳಲಿನಾಗ ಇದ್ದ ಅಂದಮ್ಯಾಲೆ ಕ್ರಾಂತಿನೂ ಹೊಳಲಿನಾಗೇ ಇದ್ನಲ್ಲ? ಮುಂಜಾನಿ ಕೊಲ್ತೀನಿ ಅಂದವ, ಸಂಜಿಕೆ ಅವನಿಂದ ನಾಲ್ಕು ಮಾರು ದೂರದಾಗ. ನಿಮ್ಮ ಸಾಹೇಬ್ರು ಹೊತ್ತು ತಪ್ಪೈತಿ ಅಂತಾರ, ಹುಡುಗಂದು ತಪ್ಪಿಲ್ಲ ಅಂತಾರೇನು?"

ಗುರುಮೂರ್ತಿಯವರ ನಗು ಶಿವಲೀಲಾಳ ಕಣ್ಣ ಮುಂದೆ ಬಂತು. ಈ ಕ್ಲಿಪ್ ಕೊಡದಿದ್ದರೆ ಕ್ರಾಂತಿಗೆ ಬೇರೆ ಸಾಕ್ಷಿ ಇಲ್ಲ. ಕೊಟ್ಟರೆ ಇದೇ ಅವನ ಮೇಲಿನ ಸಾಕ್ಷಿ.

"ಕೋರ್ಟಿಗೆ ಕೊಡ್ತೀರೋ, ಇಲ್ಲೇ ಅಳಿಸ್ಲೋ?" ಎಂದ ಕೊಟ್ರಸ್ವಾಮಿ. "ನೀವು ಹೇಳಿದಂಗ."

ಅಷ್ಟರಲ್ಲಿ ರಮಾ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದು ಫೋನನ್ನು ಶಿವಲೀಲಾಳ ಕಿವಿಗೇ ಹಿಡಿದಳು. ಆ ಕಡೆ ಅವಳ ತಾಯಿ ಮಾರೆಮ್ಮ. ನಿಮ್ಮ ಹೊಟ್ಟಿ ತಣ್ಣಗಿರ್ಲಿ ತಾಯಿ ಎಂದು ಹರಸುತ್ತಿದ್ದಳು. ನಾಳೆ ಎಷ್ಟು ಹೊತ್ತಿಗೆ ಮಗನನ್ನು ಬಿಡುತ್ತಾರೆ, ಅವನಿಗೆ ಶೇಂಗಾದ ಹೋಳಿಗೆ ಅಂದರೆ ಜೀವ, ಇವತ್ತೇ ಶೇಂಗಾ ಹುರಿದಿಟ್ಟುಕೊಳ್ಳಲೇನು ಎಂದು ಕೇಳುತ್ತಿದ್ದಳು.